ಬಾಟಲಿಯೊಳಗಿನ ಸಂಪಿಗೆ

ಹತ್ತು ಹನ್ನೆರಡು ವರ್ಷ ನಾನು ನೈರೋಬಿಯ ಒಂದು ಹೋಟೆಲ್ ಕಾಲೇಜಿನಲ್ಲಿ ವೈನ್ ಬಗ್ಗೆ ಪಾಠ ಹೇಳಿದೆ, ಒಂದು ಹನಿಯನ್ನೂ ನಾಲಿಗೆಗೆ ಸೋಕಿಸದೆ. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಪಕ್ಕದವರಿಗೆ ಕಣ್ಣು ಹೊಡೆಯುತ್ತಾರೆ. ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಹಾಲಿನಲ್ಲಿ ಯುಗಾದಿಗೆ ಸೇರುತ್ತಿದ್ದ ನಮ್ಮ ಕನ್ನಡದವರಂತೂ ನನಗೆ ‘ವೈನ್ ಮೇಷ್ಟ್ರು’ ಎಂದೇ ಹೆಸರಿಟ್ಟಿದ್ದರು. “ಮೇಷ್ಟ್ರೇ, ಹೋಳಿಗೆಗೆ ಯಾವುದು ಸೂಟ್ ಆಗತ್ತೆ, ರೆಡ್ಡೋ ವೈಟೋ?” ಎಂದು ಬ್ಯಾಂಕಿನ ಹುಡುಗರು ಊಟದ ಸಾಲಿನಲ್ಲಿ ಕೂಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. “ಹೋಳಿಗೆಗೆ ತುಪ್ಪ ಸೂಟ್ ಆಗತ್ತೆ, ಸುಮ್ನೆ ತಿನ್ನಿ” ಎನ್ನುತ್ತಿದ್ದೆ. ನನ್ನ ಹೆಂಡತಿ ಸರಿಯಾಗಿ ಆ ಹೊತ್ತಿಗೆ ಬೇರೆ ಸಾಲಿಗೆ ಹೋಗಿ ಕೂರುತ್ತಿದ್ದಳು. ಮೈಸೂರಿನ ಅವಳ ಅಕ್ಕಂದಿರ ಲೆಕ್ಕದಲ್ಲಿ ನಾನು ಕೇಟರಿಂಗ್ ಲೆಕ್ಚರರ್.

ಕುಡಿಯದಿರುವುದು ನನ್ನ ದೊಡ್ಡಸ್ತಿಕೆಯೇನಲ್ಲ. ಅಮ್ಮನಿಗೆ ಕೊಟ್ಟ ಮಾತು. ಅಮ್ಮ ಮೈಸೂರಿನಲ್ಲಿ ಪ್ರೈಮರಿ ಶಾಲೆಯ ಟೀಚರು. ನಮ್ಮದು ಬೆಳ್ಳುಳ್ಳಿಯನ್ನೂ ಹೊಸ್ತಿಲೊಳಗೆ ಬಿಡದ ಮನೆ. ನನಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಸೀಟು ಸಿಕ್ಕಿದಾಗ, ಬಾರ್ ನಡೆಸುವುದೂ ಪಾಠದಲ್ಲಿದೆ ಎಂದು ಯಾರೋ ಅವಳ ಕಿವಿಗೆ ಹಾಕಿದರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಟ್ಟೆ ಮಡಚುತ್ತಾ ಹೇಳಿದಳು: “ಬಾಯಿಗೆ ಹಾಕ್ಬೇಡ. ಮೂಸಿ ನೋಡೋದು ಓದಿಗೆ ಬೇಕೇ ಬೇಕು ಅಂದ್ರೆ ನೋಡ್ಕೋ. ಅಷ್ಟೇ.” ಅವಳ ಕೈ ಮೇಲೆ ಕೈಯಿಟ್ಟು ಆಗಲಿ ಎಂದೆ.

ಅದು ಎಷ್ಟು ದೊಡ್ಡ ರಿಯಾಯಿತಿ ಎಂದು ನನಗೆ ಆಮೇಲೆ ಹೊಳೆಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಹೂವನ್ನೇ ಮೂಸುವ ಹಾಗಿರಲಿಲ್ಲ. ಮೂಸಿದ ಹೂವು ಎಂಜಲಾದಂತೆ, ದೇವರಿಗೆ ಆಗುವುದಿಲ್ಲ. ಸಂಪಿಗೆಯ ಕಾಲದಲ್ಲಿ ಎಲೆಯಲ್ಲಿ ಕಟ್ಟಿದ ಹೂವು ಮನೆಗೆ ಬಂದರೆ ನಾನು ಉಸಿರು ಬಿಗಿಹಿಡಿದು ಅದನ್ನು ದೇವರ ಕೋಣೆಗೆ ಒಯ್ಯಬೇಕಿತ್ತು. ಪೂಜೆಯಾದ ಮೇಲೆ ಒಂದು ಹೂವು ಅಮ್ಮನ ಜಡೆಯ ಬುಡಕ್ಕೆ ಹೋಗುತ್ತಿತ್ತು. ಶಾಲೆಗೆ ಅವಳ ಹಿಂದೆಯೇ ನಡೆದು ಹೋಗುತ್ತಿದ್ದೆ. ಬೆಳಗಿನ ಗಾಳಿಯಲ್ಲಿ ಆ ವಾಸನೆ ನನ್ನ ಮುಖಕ್ಕೆ ಬಂದು ಬಡಿಯುತ್ತಿತ್ತು. ಇನ್ನೊಂದು ಹೂವನ್ನು ನೀರು ತುಂಬಿದ ಗಾಜಿನ ಬಾಟಲಿಯೊಳಗೆ ಹಾಕಿ, ಬಿರಡೆ ಬಿಗಿದು, ಶೋಕೇಸಿನಲ್ಲಿ ಇಡುತ್ತಿದ್ದಳು. ಅದು ತಿಂಗಳಾನುಗಟ್ಟಲೆ ಬಾಡದೆ ಇರುತ್ತಿತ್ತು, ನೀರಿನಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. “ನೋಡಕ್ಕೆ ಮಾತ್ರ. ಮೂಸಕ್ಕಿಲ್ಲ” ಎಂದು ಅಮ್ಮ ನಗುತ್ತಿದ್ದಳು.

ನೈರೋಬಿಯ ಕಾಲೇಜಿಗೆ ಸೇರಿದಾಗ ವೈನ್ ಕಲಿಸಲು ಬೇರೆ ಯಾರೂ ಇರಲಿಲ್ಲ, ನನ್ನ ಕೊರಳಿಗೆ ಬಿತ್ತು. ನಾನು ಕುಡಿಯುವುದಿಲ್ಲ ಎಂದು ಪ್ರಿನ್ಸಿಪಾಲರಿಗೆ ಮೊದಲ ದಿನವೇ ಹೇಳಿದೆ. ಅವರು ಒಂದು ಗ್ಲಾಸ್ ತರಿಸಿ ಮುಂದಿಟ್ಟು, ಹಾಗಾದರೆ ಮೂಸಿ ಹೇಳಿ ಎಂದರು. ಹೇಳಿದೆ. ಅವರು ಇನ್ನೇನೂ ಕೇಳಲಿಲ್ಲ. ಈ ವಿದ್ಯೆಯ ಗುಟ್ಟೇ ಅದು. ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಮೂಗಿನ ಕೆಲಸ. ನನ್ನ ವಿದ್ಯಾರ್ಥಿಗಳು ಗ್ಲಾಸನ್ನು ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯುತ್ತಿದ್ದರು. ನಾನು ಮೂಸುವಲ್ಲಿಗೇ ನಿಲ್ಲಿಸಿ, ಬಾಯಿ ಇರುವುದು ಮಾತಾಡುವುದಕ್ಕೆ ಎಂದುಕೊಂಡೆ.

ಪುಸ್ತಕದಲ್ಲಿ ಬರೆದಿದ್ದ ಹಣ್ಣು ಹೂವುಗಳಲ್ಲಿ ಅರ್ಧದಷ್ಟನ್ನು ನಾನೂ ಕಂಡಿರಲಿಲ್ಲ, ಆ ಮಕ್ಕಳೂ ಕಂಡಿರಲಿಲ್ಲ. ಅದಕ್ಕೆ ನಾನು ಮನೆಯಿಂದ ಡಬ್ಬಿಗಳನ್ನು ಒಯ್ಯುತ್ತಿದ್ದೆ. ಬೆಲ್ಲ, ಹಸುವಿನ ತುಪ್ಪ, ಹುರಿದ ಮೆಂತ್ಯ, ಇಂಗು. ಮೊಂಬಾಸಾದಿಂದ ಬರುವ ಹಲಸಿನ ತೊಳೆ. ಒಂದೊಂದನ್ನೇ ಮೂಗಿಗೆ ಹಿಡಿದು, ಇದನ್ನು ನೆನಪಿಟ್ಟುಕೊಳ್ಳಿ, ನಾಳೆ ಗ್ಲಾಸಿನಲ್ಲಿ ಸಿಗುತ್ತದೆ ಎನ್ನುತ್ತಿದ್ದೆ. ಇಂಗಿನ ಡಬ್ಬಿ ತೆಗೆದಾಗ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಇದು ಯಾವ ವೈನಿನಲ್ಲೂ ಸಿಗಬಾರದು, ಸಿಕ್ಕರೆ ಚೆಲ್ಲಿ ಎಂದು ಕಲಿಸುತ್ತಿದ್ದೆ. ಅಂಥ ಬಾಟಲಿಯನ್ನು ಗುರುತಿಸುವುದು, ಹೆದರದೆ ಚೆಲ್ಲುವುದು ನನ್ನ ಮೊದಲ ಪಾಠ. ಬಿರಡೆ ಕೆಟ್ಟರೆ ವೈನಿನ ಪರಿಮಳ ಸಾಯುತ್ತದೆ. ಸತ್ತದ್ದನ್ನು ಅತಿಥಿಯ ಮುಂದೆ ಇಡಬಾರದು.

ನಮ್ಮ ಕಾಲೇಜಿಗೆ ವೈನ್ ಒದಗಿಸುತ್ತಿದ್ದ ವ್ಯಾಪಾರಿಯೊಬ್ಬರು ವರ್ಷಕ್ಕೊಮ್ಮೆ ಒಂದು ಪೆಟ್ಟಿಗೆ ಬಿಳಿ ವೈನ್ ಕಳಿಸುತ್ತಿದ್ದರು. ಫ್ರಾನ್ಸಿನ ದಕ್ಷಿಣ ಅಂಚಿನಲ್ಲಿ, ಮೆಡಿಟರೇನಿಯನ್ ಸಮುದ್ರ ಕಾಣುವ ಒಂದು ಒಣ ಗುಡ್ಡದ ತೋಟದ್ದು. ವರ್ಷದ ಹೆಚ್ಚಿನ ದಿನ ಅಲ್ಲಿ ಬಿಸಿಲು. ಅಷ್ಟು ಬಿಸಿಲು ಕುಡಿದ ದ್ರಾಕ್ಷಿಗೆ ಹುಳಿ ಕಡಿಮೆ, ಮೈಕಟ್ಟು ಜಾಸ್ತಿ. ಮೂರು ಜಾತಿಯ ದ್ರಾಕ್ಷಿಯನ್ನು ಬೆರೆಸಿ ಮಾಡುತ್ತಿದ್ದರು. ಗ್ರೆನಾಶ್ ಎಂಬುದು ಮೈ ಕೊಡುತ್ತದೆ, ರೂಸಾನ್ ಹದ ಕೊಡುತ್ತದೆ, ವಿಯೊನ್ಯೆ ಎಂಬುದು ಪರಿಮಳ. ನಾಲಿಗೆಯ ಮೇಲೆ ತುಪ್ಪದ ಹಾಗೆ ಹರಡುತ್ತದೆ ಎಂದು ಕುಡಿದವರು ಹೇಳುತ್ತಿದ್ದರು. ಅದನ್ನು ಮೊದಲ ಸಲ ಮೂಸಿದ ದಿನ ಮೊದಲು ಜೇನು ಬಂತು. ಆಮೇಲೆ ಮಾಗಿದ ಹಣ್ಣು. ಅದರ ಹಿಂದೆಯೇ, ಬಾಗಿಲು ತೆರೆದು ಒಳಗೆ ಬಂದ ಹಾಗೆ, ಸಂಪಿಗೆ.

ತರಗತಿಯ ಮಧ್ಯೆ ನಿಂತ ನನಗೆ ಬೆಳಗಿನ ರಸ್ತೆ, ಮುಂದೆ ಬೇಗ ಬೇಗ ಹೆಜ್ಜೆ ಹಾಕುತ್ತಿರುವ ಅಮ್ಮ, ಅವಳ ಬೆನ್ನು, ಜಡೆ ಎಲ್ಲ ಕಂಡವು. ಸಂಜೆ ಫೋನ್ ಮಾಡಿ, “ಅಮ್ಮ, ಇವತ್ತು ಇಲ್ಲಿ ಸಂಪಿಗೆ ವಾಸನೆ ಬಂತು” ಎಂದೆ. “ಆಫ್ರಿಕಾದಲ್ಲಿ ಎಲ್ಲಿ ಸಂಪಿಗೆ ಮರ?” ಎಂದಳು. ಕಾಲೇಜಿನ ಹತ್ತಿರ ಎಂದು ಹೇಳಿ ಮಾತು ಮರೆಸಿದೆ. ಕೆಲವು ವರ್ಷಗಳ ಮೇಲೆ ಅಮ್ಮ ತೀರಿಕೊಂಡಳು. ಅಂದಿನಿಂದ ಆ ವೈನಿನ ಪಾಠವನ್ನು ಅವಳ ತಿಥಿಯ ಆಸುಪಾಸಿಗೇ ಬರುವಂತೆ ಇಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ. ಹೆಂಡವನ್ನು ಮುಟ್ಟಬೇಡ ಎಂದವಳು ಹೆಂಡದ ಬಾಟಲಿಯಲ್ಲಿ ವರ್ಷಕ್ಕೊಮ್ಮೆ ಬರುತ್ತಾಳೆ ಎಂದು ಯಾರ ಮುಂದೆ ಹೇಳುವುದು?

ಆದರೆ ಪಾಠದಲ್ಲಿ ಸಂಪಿಗೆ ಎಂಬ ಮಾತನ್ನು ಬಿಡಲಾಗಲಿಲ್ಲ. ಮಕ್ಕಳೂ ಅದನ್ನೇ ಬರೆದರು. ಒಮ್ಮೆ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದವರು ಎಲ್ಲರ ಉತ್ತರದಲ್ಲೂ ಜೇನು, ಏಪ್ರಿಕಾಟ್, ಸಂಪಿಗೆ ಎಂದಿರುವುದನ್ನು ಓದಿ ಇದೇನು ಎಂದು ಕೇಳಿದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು, ಅದು ನಮ್ಮ ಮ್ವಾಲಿಮುವಿನ ಊರಿನ ಹೂವು ಎಂದಳು. ಅಲ್ಲಿ ಮೇಷ್ಟ್ರಿಗೆ ಮ್ವಾಲಿಮು ಎನ್ನುತ್ತಾರೆ. ನೀನು ಅದನ್ನು ನೋಡಿದ್ದೀಯಾ ಎಂದು ಅವರು ಕೇಳಿದರು. ನೋಡಿಲ್ಲ, ಆದರೆ ವಾಸನೆ ಗೊತ್ತು ಎಂದಳು. ನಾನು ಮೀಸೆಯೊಳಗೇ ನಕ್ಕೆ. ಮುಂದೆ ಆ ಹುಡುಗಿ ಓದು ಮುಗಿಸಿ ನನ್ನ ಜೊತೆಗೇ ಕಿರಿಯ ಲೆಕ್ಚರರ್ ಆಗಿ ಸೇರಿದಳು.

ಎರಡು ಸಾವಿರದ ಹದಿನೈದರ ಆಸುಪಾಸಿನ ಜುಲೈ. ನೈರೋಬಿಯ ಜುಲೈ ಎಂದರೆ ಬಿಸಿಲೇ ಕಾಣದ ಬೂದು ಚಳಿ. ಶೀತ, ಜ್ವರ ಬಂದು ನಾಲ್ಕಾರು ದಿನ ಮಲಗಿದೆ. ಎದ್ದ ಮೇಲೆ ಮೂಗು ಕಟ್ಟಿರಲಿಲ್ಲ, ಉಸಿರು ಸಲೀಸಾಗಿ ಆಡುತ್ತಿತ್ತು. ಅದರಿಂದಲೇ ಮೋಸ ಹೋದೆ. ಸಾರು ಸಪ್ಪೆ ಎನ್ನಿಸಿದಾಗ ಜ್ವರದ ಬಾಯಿ ಎಂದುಕೊಂಡೆ.

ಕಾಲೇಜಿಗೆ ಮರಳಿದ ವಾರವೇ ಆ ಬಿಳಿ ವೈನಿನ ಪಾಠ. ಪೆಟ್ಟಿಗೆಯಲ್ಲಿ ನಾಲ್ಕು ಬಾಟಲಿ ಉಳಿದಿದ್ದವು. ಮೊದಲನೆಯದರ ಬಿರಡೆ ತೆಗೆದು ಗ್ಲಾಸಿಗೆ ಬಗ್ಗಿಸಿ ಮೂಗಿಗೆ ಹಿಡಿದೆ. ಏನೂ ಇಲ್ಲ. ನೀರು ಮೂಸಿದ ಹಾಗೆ. ಈ ಬಾಟಲಿ ಸತ್ತಿದೆ ಎಂದು ತರಗತಿಗೆ ಹೇಳಿದೆ. ಒಳ್ಳೆಯ ಉದಾಹರಣೆ ಸಿಕ್ಕಿತೆಂದು ಖುಷಿಯೇ ಆಯಿತು. ನೋಡಿ, ಹೀಗೆ ಚೆಲ್ಲಬೇಕು ಎಂದು ಸಿಂಕಿಗೆ ಸುರಿದೆ. ಎರಡನೆಯದನ್ನು ತೆಗೆದೆ. ಅದೂ ಹಾಗೆಯೇ. ಮಕ್ಕಳು ಮುಖ ಮುಖ ನೋಡಿಕೊಂಡರು. ನನ್ನ ಪಕ್ಕ ನಿಂತಿದ್ದ ಆ ಕಿರಿಯ ಲೆಕ್ಚರರ್ ಹುಡುಗಿ ಗ್ಲಾಸನ್ನು ತಾನೂ ಮೂಸಿ ಮೆಲ್ಲಗೆ, “ಮ್ವಾಲಿಮು, ಇಟ್ ಈಸ್ ನಾಟ್ ಡೆಡ್. ಸಂಪಿಗೆ ಈಸ್ ದೇರ್” ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಂಪಿಗೆ ಎಂದರೇನೆಂದು ಇವಳು ನನಗೆ ಹೇಳಿಕೊಡುವುದೇ? ಆ ಪದವನ್ನು ಇವಳ ಬಾಯಿಗೆ ಹಾಕಿದ್ದೇ ನಾನು. ನೀನು ಆ ಹೂವನ್ನೇ ಕಂಡಿಲ್ಲ, ಸುಮ್ಮನಿರು ಎಂದು ಎಲ್ಲರ ಮುಂದೆ ಗದರಿದೆ. ಎರಡನೆಯದೂ ಸಿಂಕಿಗೆ ಹೋಯಿತು. ಹಟ ಬಂದು ಮೂರನೆಯದನ್ನು ತೆಗೆದೆ, ಮೂಸಿದೆ, ಸುರಿದೆ. ಬಂಗಾರದ ಬಣ್ಣದ ವೈನು ಸಿಂಕಿನ ತೂತಿನಲ್ಲಿ ಸುತ್ತಿ ಸುತ್ತಿ ಇಳಿಯಿತು. ಇಡೀ ಕೋಣೆ ಪರಿಮಳದಿಂದ ತುಂಬಿಹೋಗಿತ್ತಂತೆ. ಆಮೇಲೆ ಆ ಹುಡುಗಿಯೇ ಹೇಳಿದ್ದು.

ಮೂಗು ತಿಳಿಯಾಗಲಿ ಎಂದು ಮೇಜಿನ ಮೇಲಿದ್ದ ಡಬ್ಬಿಗಳಲ್ಲಿ ಒಂದನ್ನು ತೆಗೆದೆ. ಬೆಲ್ಲ. ಏನೂ ಇಲ್ಲ. ತುಪ್ಪ. ಇಲ್ಲ. ಕೊನೆಗೆ ಇಂಗಿನ ಡಬ್ಬಿಯ ಮುಚ್ಚಳ ತೆಗೆದೆ. ಹಿಂದಿನ ಬೆಂಚಿನವರು ಎಂದಿನಂತೆ ಮೂಗು ಮುಚ್ಚಿಕೊಂಡು ಎದ್ದರು. ನಾನು ಡಬ್ಬಿಯೊಳಗೆ ಮೂಗನ್ನೇ ಇಟ್ಟೆ. ಇಂಗಿಗೂ ವಾಸನೆ ಇರಲಿಲ್ಲ. ಸತ್ತದ್ದು ಬಾಟಲಿಯಲ್ಲ ಎಂದು ಆಗ ಗೊತ್ತಾಯಿತು. ಸ್ಟೂಲಿನ ಮೇಲೆ ಕುಳಿತೆ. ಹುಡುಗಿ ನಾಲ್ಕನೆಯ ಬಾಟಲಿಯನ್ನು ಸದ್ದಿಲ್ಲದೆ ಪೆಟ್ಟಿಗೆಯೊಳಗೆ ಹಿಂದಕ್ಕೆ ಇಟ್ಟಳು. “ಪೋಲೆ, ಮ್ವಾಲಿಮು” ಎಂದಳು. ನೋವಾದವರನ್ನು ಕಂಡರೆ ಅಲ್ಲಿಯವರು ಹೇಳುವ ಮಾತು ಅದು. ನಾನು ಗದರಿದ್ದನ್ನು ಅವಳು ಎತ್ತಿ ಆಡಲಿಲ್ಲ.

ಕೊರೊನಾ ಬಂದುಹೋದ ಮೇಲೆ ಈಗ ವಾಸನೆ ಹೋಗುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ಆಗ ಹೇಳಿದರೆ ಜನ ನಗುತ್ತಿದ್ದರು. “ಬಿಡಿ ಮೇಷ್ಟ್ರೇ, ಇನ್ಮೇಲೆ ಆ ಗಬ್ಬು ನೈರೋಬಿ ನದಿ ಪಕ್ಕ ಆರಾಮಾಗಿ ವಾಕಿಂಗ್ ಹೋಗ್ಬಹುದು” ಎಂದ ನಮ್ಮ ಕನ್ನಡದವರಲ್ಲೇ ಟೆಲಿಕಾಂ ಕಂಪನಿಯ ಒಬ್ಬ. ಕಾಲು ಮುರಿದಿದ್ದರೆ ಇವನೇ ಹಣ್ಣು ತೆಗೆದುಕೊಂಡು ನೋಡಲು ಬರುತ್ತಿದ್ದ.

ನಮ್ಮ ಬೀದಿಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರಿದ್ದರು. ಮಂಗಳೂರಿನವರು, ನೈರೋಬಿಗೆ ಬಂದು ತಲೆ ನರೆತವರು. ದೀಪ ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿಸಿದರು, ಮಾತ್ರೆ ಕೊಟ್ಟು ನೋಡಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಿ, ಮೂಗಿಗೆ ಎಂತದೂ ಆಗ್ಲಿಲ್ಲ. ವಾಸನೆಯ ನರ ಉಂಟಲ್ಲ, ಅದಕ್ಕೆ ಪೆಟ್ಟಾಗಿದೆ. ಬಂದ್ರೆ ಬರ್ತದೆ. ಇಲ್ಲದಿದ್ರೆ ಇಲ್ಲ. ನನ್ನ ಕೈಯಲ್ಲಿ ಎಂತ ಇಲ್ಲ ಮಾರಾಯ್ರೆ.”

“ಎಷ್ಟು ದಿನ ಕಾಯ್ಬೇಕು ಡಾಕ್ಟ್ರೇ?”

“ಅದು ಹೇಳ್ಲಿಕ್ಕೆ ಬರುವುದಿಲ್ಲ. ದಿನಾ ಬೆಳಿಗ್ಗೆ ಲವಂಗ, ನಿಂಬೆ, ಹೀಗೆ ಪರಿಚಯದ್ದನ್ನು ಮೂಸಿ. ಮೂಸುವಾಗ ಹಳೇ ನೆನಪು ಮಾಡ್ಕೊಳ್ಳಿ.” ಕನ್ನಡಕ ಮತ್ತೆ ಹಾಕಿಕೊಂಡು, “ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಗೊತ್ತಾಗ್ತದೆ. ಬಾಕಿ ಎಲ್ಲ ಮೂಗಿನದ್ದು” ಎಂದರು. ಅದನ್ನೇ ನಾನು ಇಷ್ಟು ವರ್ಷ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೆ.

ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಪುಟ್ಟ ಪುಟ್ಟ ಬಟ್ಟಲುಗಳನ್ನು ಸಾಲಾಗಿ ಇಡುತ್ತಿದ್ದಳು. ಲವಂಗ, ನಿಂಬೆಯ ಸಿಪ್ಪೆ, ಕರ್ಪೂರ, ಕಾಫಿಪುಡಿ. ನಾನು ಕಣ್ಣುಮುಚ್ಚಿ ಒಂದೊಂದನ್ನೇ ಮೂಸುತ್ತಿದ್ದೆ. ಅವಳು ಎದುರಿಗೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. “ಏನಾದ್ರೂ?” “ಇಲ್ಲ.” “ಸ್ವಲ್ಪಾನೂ?” “ಇಲ್ಲ ಅಂದ್ನಲ್ಲ!” ರೇಗಿದ ಮೇಲೆ ನನಗೇ ನಾಚಿಕೆಯಾಗುತ್ತಿತ್ತು. ಯಾರ ಮೇಲೆ ರೇಗುವುದು? ನೋವಿಲ್ಲ, ಗಾಯವಿಲ್ಲ, ಹೊರಗೆ ಕಾಣುವ ಗುರುತಿಲ್ಲ. ಕುಳಿತಲ್ಲೇ ಕುಳಿತು ಬರುತ್ತದೋ ಇಲ್ಲವೋ ಎಂದು ನೋಡುವುದೊಂದೇ ಕೆಲಸ. ನಾನು ಯಾವತ್ತೂ ಅಷ್ಟು ಕೈಲಾಗದವನಾಗಿ ಇರಲಿಲ್ಲ.

ಮರೆತೇಹೋಗುತ್ತಿದೆ ಎಂಬುದು ದೊಡ್ಡ ಹೆದರಿಕೆ. ಮುಖವನ್ನು ಕಣ್ಣು ಮುಚ್ಚಿ ನೆನೆಸಿಕೊಳ್ಳಬಹುದು, ದನಿಯನ್ನು ನೆನೆಸಿಕೊಳ್ಳಬಹುದು. ವಾಸನೆಯನ್ನು ಹಾಗೆ ಕರೆಯಲು ಆಗುವುದಿಲ್ಲ. ಅದು ತಾನಾಗಿ ಬಂದು ಮುಟ್ಟಬೇಕು. ಸಂಪಿಗೆ ಎಂದು ಎಷ್ಟು ಸಲ ಅಂದುಕೊಂಡರೂ ಆ ಪದ ಮಾತ್ರ ಬರುತ್ತಿತ್ತು. ಅಮ್ಮನ ಫೋಟೋ ಗೋಡೆಯ ಮೇಲಿತ್ತು. ಆದರೆ ಮುಂದೆ ಬೇಗ ಬೇಗ ನಡೆದು ಹೋಗುವ ಅಮ್ಮ ಆ ಫೋಟೋದಲ್ಲಿ ಇರಲಿಲ್ಲ. ಅವಳು ಎರಡನೆಯ ಸಲ ತೀರಿಕೊಂಡಳು ಎನ್ನಿಸುತ್ತಿತ್ತು.

ವ್ಯಾಪಾರಿಗೆ ಫೋನ್ ಮಾಡಿ ಇನ್ನೊಂದು ಪೆಟ್ಟಿಗೆ ಕೇಳಿದೆ. ಆ ತೋಟದ ಯಜಮಾನನ ಮಕ್ಕಳು ಅದನ್ನು ಮಾರಿದರು, ಕೊಂಡವರು ಬಳ್ಳಿ ಕಿತ್ತು ಬೇರೇನೋ ಮಾಡುತ್ತಿದ್ದಾರೆ, ಆ ಮಿಶ್ರಣ ಇನ್ನು ಬರುವುದಿಲ್ಲ ಎಂದರು. ಬೇಕಾದರೆ ಬೇರೆ ತೋಟದ್ದು ಕಳಿಸುತ್ತೇನೆ, ಹತ್ತಿರ ಹತ್ತಿರ ಹಾಗೆಯೇ ಇರುತ್ತದೆ ಎಂದರು. ಹತ್ತಿರವೋ ದೂರವೋ ಹೇಳಲು ನನಗೆ ಮೂಗೆಲ್ಲಿತ್ತು? ಮೂರು ಬಾಟಲಿಯನ್ನು ಸಿಂಕಿಗೆ ಸುರಿದವನು ಬೇಡ ಎಂದು ಫೋನ್ ಇಟ್ಟೆ.

ಪ್ರಿನ್ಸಿಪಾಲರಿಗೆ ಹೇಳಿ ಉಳಿದ ಆ ಒಂದು ಬಾಟಲಿಯನ್ನು ಮನೆಗೆ ತಂದೆ. ಅದುವರೆಗೆ ನಮ್ಮ ಮನೆಯೊಳಗೆ ಹೆಂಡದ ಬಾಟಲಿ ಬಂದಿರಲಿಲ್ಲ. ಪಾಠವಿದ್ದ ದಿನ ಹೆಂಡತಿ ಬಾಗಿಲಲ್ಲೇ ಅಂಗಿ ತೆಗೆಸಿ ನೇರ ಬಕೆಟ್ಟಿಗೆ ಹಾಕುತ್ತಿದ್ದಳು. “ಕೊಳೆತ ಹಣ್ಣಿನ ವಾಸನೆ” ಎಂದು ಮೂಗು ಮುರಿಯುತ್ತಿದ್ದಳು. ಅಂದು ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟು ಕುಳಿತೆ. ಅಮ್ಮ, ಸಂಪಿಗೆ, ತಿಥಿ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಹೋಗಿ ಒಂದು ಹಳೆಯ ಕಾಟನ್ ಸೀರೆ ತಂದು ಬಾಟಲಿಯನ್ನು ಸುತ್ತಿ, ಅಕ್ಕಿಯ ಡ್ರಮ್ಮಿನ ಹಿಂದೆ, ಬಿಸಿಲು ಬೀಳದ ಕಡೆ ಅಡ್ಡ ಮಲಗಿಸಿದಳು. “ಮೂಗು ಸರಿಹೋಗ್ಲಿ, ತೆಗೆಯೋಣ” ಎಂದಳು.

ಕಾಲೇಜಿನಲ್ಲಿ ಆ ಹುಡುಗಿಯೇ ನನ್ನ ಮೂಗಾದಳು. ಅವಳು ಮೂಸಿ ಹೇಳುತ್ತಿದ್ದಳು, ನಾನು ಪುಸ್ತಕದ ಮಾತು ಸೇರಿಸಿ ತಲೆಯಾಡಿಸುತ್ತಿದ್ದೆ. ಮಕ್ಕಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಒಂದು ದಿನ ಅವಳನ್ನು ಕೇಳಿದೆ: ಅಂದು ಸಿಂಕಿಗೆ ಸುರಿದೆನಲ್ಲ, ಅದರಲ್ಲಿ ಸಂಪಿಗೆ ಇದೆಯೆಂದು ನಿನಗೆ ಹೇಗೆ ಗೊತ್ತಾಯಿತು? ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. “ಬಟ್ ದಟ್ ಈಸ್ ಸಂಪಿಗೆ, ಮ್ವಾಲಿಮು. ಯು ಟೋಲ್ಡ್ ಅಸ್” ಎಂದಳು. ಆ ವೈನಿನ ವಾಸನೆಯೇ ಅವಳಿಗೆ ಸಂಪಿಗೆ. ನಾನು ಹೇಳಿದ್ದಕ್ಕೆ ಅದು ಸಂಪಿಗೆ. ಹಾಗಾದರೆ ನಿಜವಾಗಿ ಅದರಲ್ಲಿ ಸಂಪಿಗೆ ಇತ್ತೇ? ಅಥವಾ ದೂರದ ಊರಿನಲ್ಲಿ ಅಮ್ಮನನ್ನು ನೆನೆಯುತ್ತಾ ನಿಂತವನಿಗೆ ಇದೆ ಎನ್ನಿಸಿತ್ತೇ? ಇಷ್ಟು ವರ್ಷ ಆ ಅನುಮಾನ ಬಂದಿರಲಿಲ್ಲ, ಬಂದಿದ್ದರೂ ಗ್ಲಾಸನ್ನು ಇನ್ನೊಮ್ಮೆ ಮೂಸಿದ್ದರೆ ಮುಗಿಯುತ್ತಿತ್ತು. ಈಗ ಅನುಮಾನ ಬಂತು, ಮೂಗಿರಲಿಲ್ಲ. ಅಮ್ಮನ ಜಡೆಯ ಹೂವನ್ನೂ ಆ ಬಾಟಲಿಯನ್ನೂ ಎರಡನ್ನೂ ಮೂಸಿ ಹೇಳಬಲ್ಲ ಇನ್ನೊಬ್ಬ ಮನುಷ್ಯ ನನಗೆ ಗೊತ್ತಿದ್ದಂತೆ ನೈರೋಬಿಯಲ್ಲಿ ನನ್ನ ಹೆಂಡತಿ ಒಬ್ಬಳೇ. ಅವಳಿಗೆ ಹೂವು ಗೊತ್ತಿತ್ತು. ವೈನನ್ನು ಅವಳು ಹತ್ತಿರಕ್ಕೂ ಬಿಟ್ಟುಕೊಂಡವಳಲ್ಲ.

ಮನೆಯಲ್ಲಿ ಇನ್ನೊಂದು ಸಂಕಟ. ನನ್ನ ಹೆಂಡತಿಗೆ ಮದುವೆಯಾದಾಗಿನಿಂದ ಒಂದು ಅಭ್ಯಾಸ. ಮೊದಲ ತುತ್ತು ನಾನು ಬಾಯಿಗಿಟ್ಟ ಕೂಡಲೇ “ಹೇಗಿದೆ?” ಎಂದು ಕೇಳುವುದು. ನಾನೋ ಮೂಗಿನ ಅಹಂಕಾರದವನು. ಸಾಸಿವೆ ಸ್ವಲ್ಪ ಕಪ್ಪಾಯಿತು, ಕರಿಬೇವು ಹಳೆಯದು, ಧನಿಯಾ ಹುರಿದದ್ದು ಸಾಲದು ಎಂದು ನೂರೆಂಟು ಹೇಳುತ್ತಿದ್ದೆ. ಜಗಳವಾಗುತ್ತಿತ್ತು. ವಾಸನೆ ಹೋದ ಮೇಲೆ ಅವಳು ಕೇಳುವುದನ್ನು ಬಿಡಲಿಲ್ಲ, ನಾನು “ಚೆನ್ನಾಗಿದೆ” ಎನ್ನತೊಡಗಿದೆ. ಉಪ್ಪು, ಹುಳಿ, ಖಾರ ಬಿಟ್ಟರೆ ಬಾಯಲ್ಲಿ ಇದ್ದದ್ದು ಬಿಸಿ ಮತ್ತು ಒದ್ದೆ. ಆದರೂ ಚೆನ್ನಾಗಿದೆ ಎನ್ನುತ್ತಿದ್ದೆ. ಒಂದೊಂದು ದಿನ “ಘಮ್ ಅಂತಿದೆ” ಎಂದೂ ಸೇರಿಸುತ್ತಿದ್ದೆ. ಅವಳಿಗಾದರೂ ಬೇಸರವಾಗದಿರಲಿ ಎಂದು.

ಒಂದು ಮಧ್ಯಾಹ್ನ ಸಾರು ಕಲಸಿ ತುತ್ತು ಬಾಯಿಗಿಟ್ಟೆ. “ಹೇಗಿದೆ?” ಎಂದಳು. “ಚೆನ್ನಾಗಿದೆ. ಒಗ್ಗರಣೆ ಘಮ್ ಅಂತಿದೆ” ಎಂದೆ. ನಮ್ಮ ಮಗಳು ತಟ್ಟೆಯಿಂದ ತಲೆಯೆತ್ತಿ, “ವಾಟ್ ಒಗ್ಗರಣೆ, ಅಪ್ಪ? ದೇರ್ ಈಸ್ ನಥಿಂಗ್ ಇನ್ ಇಟ್” ಎಂದಳು. ನಾನು ಬಟ್ಟಲು ನೋಡಿದೆ. ಸಾಸಿವೆ ಇರಲಿಲ್ಲ, ಕರಿಬೇವು ಇರಲಿಲ್ಲ. ಇಂಗೂ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಹೆಂಡತಿ ಬೇಕೆಂದೇ ಹಾಕಿರಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು ಸೌಟು ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ನಿಂತಳು. ಬೆನ್ನು ಅಲುಗುತ್ತಿತ್ತು. ಅಂದಿನಿಂದ ಹೇಗಿದೆ ಎಂದು ಕೇಳುವುದನ್ನು ನಿಲ್ಲಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೀಗೆಯೇ ಎರಡು ವರ್ಷ ಕಳೆದುಹೋಯಿತು. ಬಟ್ಟಲುಗಳ ಸಾಲು ನಿಂತುಹೋಯಿತು, ಯಾವಾಗ ನಿಂತಿತೆಂದು ಇಬ್ಬರೂ ಗಮನಿಸಲಿಲ್ಲ. ನಾನು ವೈನ್ ಪಾಠವನ್ನು ಪೂರ್ತಿ ಆ ಹುಡುಗಿಗೆ ಬಿಟ್ಟು, ಊಟದ ಮೇಜು ಜೋಡಿಸುವುದು, ನ್ಯಾಪ್‌ಕಿನ್ ಮಡಚುವುದು ಕಲಿಸತೊಡಗಿದೆ. ಅವಳ ತರಗತಿಯ ಮುಂದೆ ಹಾದುಹೋಗುವಾಗ ಒಳಗಿನಿಂದ ಸಂಪಿಗೆ ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಬೇರೆ ಯಾವುದೋ ತೋಟದ ಬಾಟಲಿ ಹಿಡಿದು, ಇದರಲ್ಲಿ ಅದು ಇಲ್ಲ ಎಂದು ಹೇಳಿಕೊಡುತ್ತಿದ್ದಳು.

ಅಮ್ಮನ ತಿಥಿ ಮುಗಿದ ಮಾರನೆಯ ದಿನ, ಒಂದು ಭಾನುವಾರ ಮಧ್ಯಾಹ್ನ. ಮಗಳು ಗೆಳತಿಯ ಮನೆಗೆ ಲ್ಯಾವಿಂಗ್ಟನ್‌ಗೆ ಹೋಗಿದ್ದಳು. ಹೆಂಡತಿ ಅಕ್ಕಿಯ ಡ್ರಮ್ಮಿನ ಹಿಂದಿನಿಂದ ಸೀರೆಯ ಗಂಟನ್ನು ತಂದು ನನ್ನ ಮುಂದೆ ಇಟ್ಟಳು.

“ಇನ್ನೂ ಎಷ್ಟು ದಿನ ಅಂತ ಇಟ್ಕೊಂಡು ಕೂತಿರ್ತೀರಿ? ಇದೂ ಕೆಟ್ಟುಹೋಗತ್ತೆ ಅಲ್ವಾ?”

ಕೆಡುತ್ತದೆ. ಬಿಳಿ ವೈನು ಯಾರಿಗಾಗಿಯೂ ಕಾಯುತ್ತಾ ಕೂರುವುದಿಲ್ಲ. ಗಟ್ಟಿ ಮೈಯದು ಕೆಲವು ವರ್ಷ ತಡೆಯುತ್ತದೆ, ಅದೂ ತಣ್ಣಗಿನ ನೆಲಮಾಳಿಗೆಯಲ್ಲಿ, ಅಕ್ಕಿಯ ಡ್ರಮ್ಮಿನ ಹಿಂದೆ ಅಲ್ಲ. ನನಗೆ ಅದು ಮೊದಲಿನಿಂದ ಗೊತ್ತಿತ್ತು. ಬಿರಡೆ ತೆಗೆದೆ. ನಮ್ಮ ಮನೆಯಲ್ಲಿ ವೈನ್ ಗ್ಲಾಸು ಎಲ್ಲಿಂದ ಬರಬೇಕು, ಅವಳು ಪಾನಕದ ಗಾಜಿನ ಲೋಟ ತಂದಳು. ಬಗ್ಗಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಿಳಿ ಬಂಗಾರದ ಬಣ್ಣ ಹೋಗಿ ಹಳೆಯ ಜೇನಿನಂತೆ ಕಂದಾಗಿತ್ತು. ವಿದ್ಯಾರ್ಥಿಗಳಿಗೆ ಆ ಬಣ್ಣದ ಅರ್ಥವನ್ನು ಎಷ್ಟೋ ಸಲ ಹೇಳಿದ್ದೇನೆ. ಚೆನ್ನಾಗಿ ಮಾಗಿರಬಹುದು, ಇಲ್ಲವೇ ಗಾಳಿ ಹೊಕ್ಕು ಮುಗಿದಿರಬಹುದು. ಕಣ್ಣು ಇಷ್ಟೇ ಹೇಳುತ್ತದೆ, ಉಳಿದದ್ದನ್ನು ಮೂಗು ಹೇಳಬೇಕು.

ಲೋಟವನ್ನು ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿ ಎಳೆದುಕೊಂಡೆ. ತಣ್ಣಗಿನ ಗಾಳಿ ಒಳಗೆ ಹೋಯಿತು. ಇನ್ನೊಮ್ಮೆ ಎಳೆದೆ. ಡಾಕ್ಟರು ಹೇಳಿದಂತೆ ಆ ರಸ್ತೆಯನ್ನು, ಅಮ್ಮನ ಬೆನ್ನನ್ನು ನೆನೆಸಿಕೊಳ್ಳಲು ನೋಡಿದೆ. ರಸ್ತೆ ಬಂತು, ಬೆನ್ನು ಬಂತು, ಎರಡೂ ಫೋಟೋದ ಹಾಗೆ ನಿಂತಲ್ಲೇ ನಿಂತಿದ್ದವು. ಲೋಟವನ್ನು ಕೆಳಗಿಟ್ಟೆ. ಅಳು ಬಂತು. ಐವತ್ತು ದಾಟಿದವನು, ಊಟದ ಮೇಜಿನ ಮುಂದೆ ಕುಳಿತು ಮಗುವಿನ ಹಾಗೆ ಅತ್ತೆ.

“ಒಂದು ಗುಟುಕು ಕುಡ್ದುಬಿಡಿ” ಎಂದಳು ಹೆಂಡತಿ. “ಬಾಯಲ್ಲಾದ್ರೂ ಏನಾದ್ರೂ ಸಿಗ್ಬಹುದು. ಅತ್ತೆ ಬೇಜಾರು ಮಾಡ್ಕೊಳಲ್ಲ. ನಾನು ಹೇಳ್ತಿದೀನಲ್ಲ.”

ಲೋಟವನ್ನು ತುಟಿಯವರೆಗೆ ತಂದೆ. ಕುಡಿದರೆ ನನ್ನ ನಾಲಿಗೆಗೆ ಸಿಗುವುದೇನೆಂದು ನನಗೆ ಗೊತ್ತಿತ್ತು. ಹುಳಿ, ಕೊನೆಯಲ್ಲಿ ಒಂಚೂರು ಕಹಿ. ಇನ್ನು ಸಾಯುವವರೆಗೆ ಅಮ್ಮ ಎಂದರೆ ಆ ಹುಳಿ ನೆನಪಾಗುತ್ತದೆ. ಮಾತು ಕೊಟ್ಟದ್ದಕ್ಕಿಂತ ಹೆಚ್ಚಾಗಿ ಆ ಹೆದರಿಕೆಗೆ ಲೋಟವನ್ನು ಕೆಳಗಿಟ್ಟೆ. “ಬೇಡ ಕಣೇ” ಎಂದೆ.

ಆಗ ಅವಳು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. ನನ್ನ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಾನು ಹಿಡಿದಂತೆಯೇ ಸ್ವಲ್ಪ ಓರೆ ಮಾಡಿ, ಮೂಗನ್ನು ಅದರೊಳಗೆ ಇಳಿಸಿದಳು. ಕಣ್ಣು ಮುಚ್ಚಿಕೊಂಡಳು. ತುಂಬಾ ಹೊತ್ತು ಹಾಗೇ ಇದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಬಟ್ಟಲುಗಳ ದಿನಗಳಲ್ಲಿ ಅವಳು ನನ್ನ ಮುಖ ನೋಡುತ್ತಿದ್ದ ಹಾಗೆ. ಕೆಳಗಿನ ರಸ್ತೆಯಲ್ಲಿ ಮಟಾಟು ಬಸ್ಸೊಂದು ಜೋರಾಗಿ ಹಾಡು ಹಾಕಿಕೊಂಡು ಹೋಯಿತು.

“ಇದೆ ರೀ” ಎಂದಳು.

“ಏನಿದೆ?”

“ಸಂಪಿಗೆ. ಅತ್ತೆ ಜಡೇಲಿ ಇರ್ತಿತ್ತಲ್ಲ. ಅದೇ.”

ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎಂದು ನೆಂಟರ ಎದುರಿಗೇ ಹೇಳುವ ಹೆಂಗಸು ಅವಳು. ಹುಟ್ಟಿದಾಗಿನಿಂದ ಯಾರನ್ನೂ ಸಮಾಧಾನಕ್ಕೆ ಹೊಗಳಿದವಳಲ್ಲ. ಇವಳು ಇದೆ ಎಂದ ಮೇಲೆ ಇದೆ. ಇನ್ನಷ್ಟು ಕೇಳಬೇಕು, ಜೇನಿನ ಹಿಂದೆ ಬರುತ್ತದೋ ಮೊದಲೇ ಬರುತ್ತದೋ, ಬೆಳಗಿನದೋ ಬಾಡಿದ ಮೇಲಿನದೋ ಎಂದು ಕೇಳಬೇಕೆನ್ನಿಸಿತು. ಬಾಯಿಗೆ ಬಂದದ್ದು ಒಂದೇ ಮಾತು.

“ಹೇಗಿದೆ?”

ಅವಳು ಲೋಟವನ್ನು ಮೇಜಿನ ಮೇಲಿಟ್ಟು, ಸೆರಗಿನ ಅಂಚಿನಿಂದ ಅದರ ಬಾಯಿಯನ್ನು ಒರೆಸಿದಳು. ನನ್ನ ಕಡೆ ನೋಡಲಿಲ್ಲ.

“ಚೆನ್ನಾಗಿದೆ” ಎಂದಳು. “ಘಮ್ ಅಂತಿದೆ.”